ಅಲ್ಲಾಡಬಾರದ ಎಂಟು ಲಕ್ಷ

ಕ್ಯಾಷಿಯರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಗಾಜಿನ ಹಿಂದೆ ಕೂತು ಕಂಡವರ ದುಡ್ಡು ಎಣಿಸಿದ ಹೆಂಗಸು ಅವಳು. ಈಗ ತನ್ನದೇ ದುಡ್ಡು ಪರದೇಶದ ಬ್ಯಾಂಕೊಂದರಲ್ಲಿ ತೆಪ್ಪಗೆ ಬಿದ್ದಿದೆ. ಮುಟ್ಟುವ ಹಾಗಿಲ್ಲ, ಎಣಿಸುವ ಹಾಗಿಲ್ಲ. ದಿನ ಎಣಿಸಿಕೊಂಡು ಬಿದ್ದಿರಬೇಕು, ಅಷ್ಟೇ.

ನಿಯಮವೇನೋ ಹೇಳುವುದಕ್ಕೆ ಸುಲಭ. ವಯಸ್ಸಾದವರು ಆ ದೇಶದಲ್ಲಿ ನೆಲೆಸಬೇಕೆಂದರೆ ನಿವೃತ್ತರ ವೀಸಾ ಬೇಕು. ಆ ವೀಸಾ ಬೇಕೆಂದರೆ ಅಲ್ಲಿನ ಬ್ಯಾಂಕಿನಲ್ಲಿ, ಅಲ್ಲಿನ ದುಡ್ಡಿನಲ್ಲಿ ಎಂಟು ಲಕ್ಷ ಇಡಬೇಕು. ಇಟ್ಟರೆ ಸಾಲದು. ಅರ್ಜಿ ಹಾಕುವ ಮುಂಚೆ ಅರವತ್ತು ದಿನ ಅದು ಅಲ್ಲೇ ಇರಬೇಕು, ಒಂದೇ ಒಂದು ದಿನವೂ ಎಂಟು ಲಕ್ಷದಿಂದ ಕೆಳಗೆ ಇಳಿಯಬಾರದು. ಕ್ಯಾಷಿಯರಮ್ಮ ಬಂದದ್ದು ತೊಂಬತ್ತು ದಿನದ ಪ್ರವಾಸಿ ಪರವಾನಗಿಯ ಮೇಲೆ. ಅರ್ಜಿ ಹಾಕುವ ದಿನ ಅದರಲ್ಲಿ ಇಪ್ಪತ್ತು ದಿನವಾದರೂ ಉಳಿದಿರಬೇಕು. ಖಾತೆ ತೆರೆದು ಹಣ ಬಂದು ಇಳಿಯುವ ಹೊತ್ತಿಗೇ ಆರು ದಿನ ಕಳೆದಿತ್ತು. ಆರಕ್ಕೆ ಅರವತ್ತು ಸೇರಿಸಿದರೆ ಅರವತ್ತಾರು. ಅಲ್ಲಿಂದ ಎಪ್ಪತ್ತನೆಯ ದಿನದೊಳಗೆ ಅರ್ಜಿ ಬೀಳಬೇಕು. ತಪ್ಪಿತೋ, ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು. ಹೊರಟರೆ ಮತ್ತೆ ಆರು ತಿಂಗಳು ಆ ಕಡೆ ತಲೆ ಹಾಕುವಂತಿಲ್ಲ.

ಎಂಟು ಲಕ್ಷಕ್ಕಾಗಿ ಅವಳು ತನ್ನ ಎರಡು ಕೋಣೆಯ ಮನೆಯನ್ನೇ ಮಾರಿದ್ದಳು. ಇದ್ದದ್ದು ಅದೊಂದೇ ಮನೆ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. "ಈ ವಯಸ್ಸಲ್ಲಿ ಮನೆ ಮಾರ್ಕೊಂಡು ಪರದೇಶಕ್ಕಾ? ತಲೆ ನೆಟ್ಟಗಿದೆಯಾ ನಿಮಗೆ?" ಎಂದ ಪಕ್ಕದ ಮನೆಯವರಿಗೆ, "ನೆಟ್ಟಗಾಗಿದ್ದೇ ಈಗ" ಎಂದು ಬಾಯಿ ಮುಚ್ಚಿಸಿ ವಿಮಾನ ಹತ್ತಿದ್ದಳು.

ಬಂದದ್ದು ತಂಗಿಗಾಗಿ. ತಂಗಿಗೆ ಐವತ್ತೊಂಬತ್ತು, ಆದರೂ ಪುಟ್ಟಿ. ಇಪ್ಪತ್ತೇಳು ವರ್ಷದ ಹಿಂದೆ ಬಟ್ಟೆ ಹೊಲಿಯುವ ಕಾರ್ಖಾನೆಯ ಕೆಲಸಕ್ಕೆಂದು ಈ ಊರಿಗೆ ಬಂದವಳು, ಬೇಕರಿಯಲ್ಲಿ ದುಡಿಯುತ್ತಿದ್ದ, ಒಂಬತ್ತು ವರ್ಷದ ಮಗನಿದ್ದ ಒಬ್ಬ ವಿಧುರನನ್ನು ಮದುವೆಯಾದಳು. ಆ ದಿನ ಫೋನ್ ಮಾಡಿ, "ಅಕ್ಕ, ಒಳ್ಳೇದಾಗ್ಲಿ ಅನ್ನು" ಎಂದು ಕೇಳಿದಾಗ ಕ್ಯಾಷಿಯರಮ್ಮ ಆಡಿದ್ದು ಒಂದೇ ಮಾತು: "ಅವನಿಗೆ ಸಂಬಳ ಎಷ್ಟು?" ಪುಟ್ಟಿ ಹೇಳಿದಳು. ಇವಳು ಫೋನಿಟ್ಟಳು. ಒಂಬತ್ತು ವರ್ಷ ಎತ್ತಲಿಲ್ಲ. ಆಮೇಲೆ ಎತ್ತಿದರೂ ಹೇಗಿದ್ದೀಯ, ಚೆನ್ನಾಗಿದ್ದೀನಿ, ಇಡ್ಲಾ, ಇಷ್ಟೇ. ಹದಿನಾಲ್ಕು ವರ್ಷದ ಹಿಂದೆ ಬೇಕರಿಯವನು ಹೃದಯ ನಿಂತು ಸತ್ತಾಗಲೂ ಅಕ್ಕ ಬರಲಿಲ್ಲ, ರಜೆ ಸಿಗಲಿಲ್ಲ ಎಂದಳು.

ಈಗ ಪುಟ್ಟಿಯ ಕಣ್ಣು ಹೋಗಿತ್ತು. ಪೂರ್ತಿ ಅಲ್ಲ, ನಡುವಿನಲ್ಲಿ. ಅಂಚು ಕಾಣುತ್ತದೆ, ನಟ್ಟನಡುವೆ ಇರುವುದು ಕಾಣುವುದಿಲ್ಲ. ಎದುರಿಗಿರುವವರ ಮುಖ ನೋಡಬೇಕಾದರೆ ಕತ್ತು ಓರೆ ಮಾಡಿ ಅವರ ಕಿವಿಯ ಪಕ್ಕಕ್ಕೆ ನೋಡುತ್ತಾಳೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಆ ಪುಟ್ಟ ಮನೆಯಲ್ಲಿ ಅವಳಿಗೆ ಕಣ್ಣಿನ ಹಂಗಿರಲಿಲ್ಲ. ಹತ್ತೊಂಬತ್ತು ಮೆಟ್ಟಿಲು, ಬಾಗಿಲು, ಎಡಕ್ಕೆ ಸ್ವಿಚ್ಚು, ಬಲಕ್ಕೆ ಅಡುಗೆಮನೆ, ಎಲ್ಲ ಕೈಗೆ ಪಾಠವಾಗಿತ್ತು. ಆದರೂ ಎರಡು ಸಲ ಒಲೆ ಆರಿಸದೆ ಬಿಟ್ಟಳು. ಎರಡನೆಯ ಸಲ ಕೈವಸ್ತ್ರಕ್ಕೆ ಬೆಂಕಿ ಹತ್ತಿ ಕೆಳಗಿನ ಅಂಗಡಿಯವರು ಓಡಿ ಬಂದಿದ್ದರು.

ಪುಟ್ಟಿ ಸಾಕಿದ ಆ ಹುಡುಗ ಈಗ ಮೂವತ್ತಾರರ ಬಸ್ ಡ್ರೈವರು. ನಾಲ್ಕು ಗಂಟೆ ದೂರದ ಊರಲ್ಲಿ ಹೆಂಡತಿ ಮಕ್ಕಳೊಂದಿಗೆ ಒಂದೂವರೆ ಕೋಣೆಯಲ್ಲಿ ಇದ್ದಾನೆ. ಪುಟ್ಟಿ ಕಲಿಸಿದ ಭಾಷೆ ಅವನ ಬಾಯಲ್ಲಿ ಇನ್ನೂ ಚೊಕ್ಕವಾಗಿತ್ತು. ಕ್ಯಾಷಿಯರಮ್ಮ ಬಂದ ವಾರವೇ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೇಳಿದ್ದ.

"ದೊಡ್ಡಮ್ಮ, ಅಮ್ಮ ಒಬ್ಬಳೇ ಇರೋದು ಇನ್ನು ಆಗಲ್ಲ. ನಮ್ಮೂರ ಹತ್ತಿರ ವಯಸ್ಸಾದೋರ ಮನೆ ಒಂದಿದೆ, ಸೀಟು ಹಿಡಿದಿಟ್ಟಿದ್ದೀನಿ. ನೀವು ಇಲ್ಲೇ ಕಾಯಂ ಇರ್ತೀರಿ ಅಂದ್ರೆ ಇವತ್ತೇ ಬೇಡ ಅಂತೀನಿ. ಆದ್ರೆ ಬರೀ ಬಾಯಲ್ಲಿ ಇರ್ತೀನಿ ಅಂದ್ರೆ ಆಗಲ್ಲ, ವೀಸಾ ಕೈಗೆ ಬರ್ಬೇಕು. ಮೂರು ತಿಂಗಳು ಕಾಯ್ತಾರಂತೆ."

"ಬರುತ್ತೆ ಕಣಪ್ಪ. ನಾನು ಬ್ಯಾಂಕಿನೋಳು. ಇದೆಲ್ಲ ನನಗೆ ಹೇಳ್ಕೊಡ್ಬೇಡ" ಎಂದಿದ್ದಳು ಕ್ಯಾಷಿಯರಮ್ಮ.

ಆ ಮನೆಯನ್ನು ಪುಟ್ಟಿ ಒಮ್ಮೆ ಹೋಗಿ ನೋಡಿ ಬಂದಿದ್ದಳು. ಅದರ ಬಗ್ಗೆ ಅವಳು ಅಕ್ಕನ ಹತ್ತಿರ ಹೇಳಿದ್ದು ಇಷ್ಟೇ: "ಜನ ಒಳ್ಳೆಯೋರೇ ಅಕ್ಕ. ಹಾಸಿಗೆನೂ ಮೆತ್ತಗಿದೆ. ಆದ್ರೆ ಯಾವ ಬಾಗಿಲು ಎಲ್ಲಿದೆ ಅಂತ ನನ್ನ ಕೈಗೆ ಗೊತ್ತಿಲ್ಲ." ಹೇಳಿ ಅಡುಗೆಮನೆಯ ಕಟ್ಟೆಯ ಅಂಚನ್ನು ಸವರುತ್ತಾ ನಿಂತಿದ್ದಳು. ಕ್ಯಾಷಿಯರಮ್ಮ ಆ ಕ್ಷಣದಲ್ಲೇ ತೀರ್ಮಾನಿಸಿದ್ದಳು, ಏನಾದರೂ ಸರಿ, ಇವಳನ್ನು ಅಲ್ಲಿಗೆ ಹೋಗಲು ಬಿಡುವುದಿಲ್ಲ.

ತೀರ್ಮಾನವೇನೋ ಮಾಡಿದಳು, ಕೈ ಸುಮ್ಮನಿರಬೇಕಲ್ಲ! ಬೆಳಗೆದ್ದರೆ ಕಿಟಕಿ ಒರೆಸುವುದು, ಮೆಟ್ಟಿಲು ಗುಡಿಸುವುದು, ಬೀದಿಯ ಕೊನೆಯವರೆಗೆ ನಡೆದು ಬ್ಯಾಂಕಿನ ಬಾಗಿಲು ಹಾಕಿದೆಯೋ ತೆರೆದಿದೆಯೋ ನೋಡಿ ಬರುವುದು. ಬ್ಯಾಂಕೇನು ಎದ್ದು ಓಡಿಹೋಗುತ್ತದೆಯೇ? ಇಪ್ಪತ್ತನೆಯ ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಎತ್ತರದ ಪ್ರಕಾರ ಜೋಡಿಸಿ, ಕೈ ಕೊಡವಿ ನಿಂತಳು. ಸಂಜೆ ಪುಟ್ಟಿ ಚಹಾಕ್ಕೆ ಉಪ್ಪು ಹಾಕಿದಳು.

"ಅಕ್ಕ, ಸಕ್ಕರೆ ಡಬ್ಬಿ ಎಲ್ಲಿ ಹೋಯ್ತು?"

"ಅಲ್ಲೇ ಇದೆ. ಎಡಗಡೆಯಿಂದ ನಾಲ್ಕನೇದು. ಎಷ್ಟು ಗೊಂದಲ ಇತ್ತು ಗೊತ್ತಾ? ದೊಡ್ಡದರ ಪಕ್ಕ ಚಿಕ್ಕದು, ಚಿಕ್ಕದರ ಪಕ್ಕ..."

"ಆ ಗೊಂದಲ ನನ್ನ ಕಣ್ಣಾಗಿತ್ತು ಅಕ್ಕ" ಎಂದಳು ಪುಟ್ಟಿ. ಆಮೇಲೆ ಅವಳೇ ನಕ್ಕಳು. "ನಿನ್ನ ಕೈಗೆ ಏನಾದ್ರೂ ಕೆಲಸ ಕೊಡ್ಬೇಕು. ಇಲ್ಲಾಂದ್ರೆ ಕಟ್ಟಿ ಹಾಕ್ಬೇಕು."

ಕಟ್ಟಿ ಹಾಕಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟರೊಳಗೆ ಆ ಕೈ ಮಾಡಬಾರದ್ದನ್ನು ಮಾಡಿ ಮುಗಿಸಿತ್ತು. ಊರಿನಿಂದ ಬಂದ ಹಣ ಇಲ್ಲಿನ ದುಡ್ಡಾಗಿ ಇಳಿದಾಗ ಪಾಸ್‌ಬುಕ್ಕಿನಲ್ಲಿ ಬಿದ್ದದ್ದು ಎಂಟು ಲಕ್ಷದ ನಾನೂರ ಮೂವತ್ತೇಳು. ಬೇರೆ ಯಾರಾದರೂ ಆಗಿದ್ದರೆ ಇರಲಿ, ಮೇಲೆ ಸ್ವಲ್ಪ ಇದ್ದರೆ ಒಳ್ಳೆಯದೇ ಎಂದು ಬಿಡುತ್ತಿದ್ದರು. ಆದರೆ ಮೂವತ್ತನಾಲ್ಕು ವರ್ಷ ಸಂಜೆ ಸಂಜೆ ಕಟ್ಟುಗಳನ್ನು ನೂರರ ಲೆಕ್ಕಕ್ಕೆ ತಂದು, ರಬ್ಬರು ಹಾಕಿ, ಚಿಲ್ಲರೆಯನ್ನು ಬೇರೆ ತಟ್ಟೆಗೆ ಸುರಿದು ಮನೆಗೆ ಹೋದವಳಿಗೆ ಆ ನಾನೂರ ಮೂವತ್ತೇಳು ಹಲ್ಲಿನ ಸಂದಿಗೆ ಸಿಕ್ಕಿದ ನಾರಾಯಿತು. ರಾತ್ರಿ ಮಗ್ಗುಲು ಬದಲಿಸಿದರೂ ಅದೇ, ಹಲ್ಲುಜ್ಜಿದರೂ ಅದೇ. ಹನ್ನೆರಡನೆಯ ದಿನ ಬ್ಯಾಂಕಿಗೆ ಹೋಗಿ ಅಷ್ಟನ್ನು ತೆಗೆದು, ಪಾಸ್‌ಬುಕ್ಕಿನಲ್ಲಿ ಎಂಟರ ಮುಂದೆ ಐದು ಸೊನ್ನೆ ಬಿದ್ದದ್ದನ್ನು ಕಣ್ತುಂಬ ನೋಡಿಕೊಂಡಳು. ಆ ದುಡ್ಡಿಗೆ ಪುಟ್ಟಿಗೊಂದು ಜೊತೆ ಜಾರದ ಚಪ್ಪಲಿ ತಂದಳು. ಅಯ್ಯೋ ಪುಣ್ಯಾತ್ಗಿತ್ತಿ, ಚಪ್ಪಲಿಗೆ ನಿನ್ನ ಪಿಂಚಣಿ ಇರಲಿಲ್ಲವೇನೆ!

ಅರವತ್ತೇಳನೆಯ ದಿನ ಬಂತು. ಹನ್ನೊಂದು ಗಂಟೆಗೆ ವೀಸಾ ಕಚೇರಿಯಲ್ಲಿ ಸರದಿ. ಕಚೇರಿಯ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಅದನ್ನು ನಡೆಸುವವನಿಗೆ ಒಳಗಿನ ಗುಮಾಸ್ತರಿಗಿಂತ ಹೆಚ್ಚು ನಿಯಮ ಗೊತ್ತು. ಹತ್ತು ದೇಶದ ಮುದುಕರಿಗೆ ಕಾಗದ ಜೋಡಿಸಿ ಕೊಟ್ಟು ಕೊಟ್ಟು ಹತ್ತು ಭಾಷೆ ಅರೆಬರೆ ಕಲಿತಿದ್ದ. ಇವಳಿಗೂ ಅವನೇ ಹೇಳಿಕೊಟ್ಟಿದ್ದ: "ಅರ್ಜಿ ಹಾಕೋ ದಿನ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಒಂದು ನೂರು ಕಟ್ಟಿ ಅಮ್ಮ. ಪುಸ್ತಕದಲ್ಲಿ ಅವತ್ತಿನ ತಾರೀಖು ಬೀಳ್ಬೇಕು. ತೆಗೀಬೇಡಿ, ಕಟ್ಟಿ. ಕೆಲವರು ತೆಗೆದು ಕೆಟ್ಟಿದ್ದಾರೆ."

ಪುಟ್ಟಿ ಬೆಳಗಿನಿಂದ ಮದುವಣಗಿತ್ತಿಯ ಹಾಗೆ ಸಡಗರದಲ್ಲಿದ್ದಳು. ಇಸ್ತ್ರಿ ಮಾಡಿದ ನೀಲಿ ಸ್ವೆಟರು ಹಾಕಿದ್ದಳು. ಮಾತು ತಿಳಿಯದ ಅಕ್ಕನಿಗೆ ಕೌಂಟರಿನಲ್ಲಿ ಅನುವಾದ ಮಾಡಬೇಕಾದವಳು ಅವಳೇ. ಅವಳನ್ನು ಜೆರಾಕ್ಸ್ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂರಿಸಿ ಕ್ಯಾಷಿಯರಮ್ಮ ಬ್ಯಾಂಕಿಗೆ ಹೋದಳು. ನೂರು ಕಟ್ಟಿದಳು. ಪಾಸ್‌ಬುಕ್ಕನ್ನು ಯಂತ್ರದ ಬಾಯಿಗೆ ಕೊಟ್ಟಳು. ಒಂದೇ ಸಾಲು ಅಚ್ಚಾಗಬೇಕಿತ್ತು. ಯಂತ್ರ ಎರಡು ಸಾಲು ಹೊಡೆಯಿತು.

ಮೊದಲನೆಯ ಸಾಲು ಇಪ್ಪತ್ತೇಳು ದಿನ ಹಿಂದಿನದು. ಕಾರ್ಡಿನ ವಾರ್ಷಿಕ ಶುಲ್ಕ, ಇಪ್ಪತ್ತು. ಉಳಿಕೆ ಏಳು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ಎಂಬತ್ತು. ಎರಡನೆಯದು ಇವತ್ತಿನದು, ಜಮಾ ನೂರು.

ಖಾತೆ ತೆರೆದ ದಿನ ಮೇಜಿನ ಹುಡುಗಿ ನಗುನಗುತ್ತಾ ಕೈಗಿಟ್ಟ ಕಾರ್ಡು ಅದು. ಇವಳು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಶುಲ್ಕ ಎಂದರೇನು ಅಂತ ಇವಳಿಗೆ ಗೊತ್ತಿಲ್ಲವೆ? ಸಾವಿರಾರು ಜನರ ಖಾತೆಯಿಂದ ಇವಳ ಕಣ್ಣೆದುರೇ ಹರಿದುಹೋಗಿದೆ. ಇವಳ ಬ್ಯಾಂಕಿನಲ್ಲಿ ವರ್ಷದ ಕೊನೆಗೆ ಕತ್ತರಿಸುತ್ತಿದ್ದರು, ಇಲ್ಲಿ ಕಾರ್ಡು ಕೊಟ್ಟ ತಿಂಗಳಿಗೇ ಕತ್ತರಿಸಿದ್ದಾರೆ. ಆ ನಾನೂರ ಮೂವತ್ತೇಳು ಅಲ್ಲೇ ಇದ್ದಿದ್ದರೆ ಈ ಇಪ್ಪತ್ತು ಅದರಲ್ಲಿ ಹೋಗುತ್ತಿತ್ತು, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಅದೇ ಹುಡುಗಿಯ ಮುಂದೆ ಪಾಸ್‌ಬುಕ್ ಹಿಡಿದು ಕೈಸನ್ನೆ ಮಾಡಿದಳು. ಹುಡುಗಿ ಸಾಲನ್ನು ನೋಡಿ, ಎರಡು ಬೆರಳು ತೋರಿಸಿ, ಇಷ್ಟೇ ತಾನೆ ಎಂಬಂತೆ ಮತ್ತೆ ನಕ್ಕಳು.

ರಸ್ತೆ ದಾಟಿದ್ದು ಹೇಗೋ ಅವಳಿಗೇ ಗೊತ್ತಿಲ್ಲ. ಯಾರೋ ಹಾರ್ನ್ ಹೊಡೆದರು, ಯಾರೋ ಬೈದರು. ಬೆಂಚಿನ ಮೇಲಿದ್ದ ಪುಟ್ಟಿ ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದು, "ಆಯ್ತಾ ಅಕ್ಕ?" ಎಂದಳು.

"ಆಯ್ತು. ಒಂದು ಕಾಗದ ಜೆರಾಕ್ಸ್ ಬಾಕಿ ಇದೆ, ಕೂತಿರು."

ಒಳಗೆ ಯಂತ್ರದ ಬಿಸಿಗೆ ಗಾಳಿಯೇ ಇರಲಿಲ್ಲ. ಜೆರಾಕ್ಸಿನವನು ಪುಟ ನೋಡಿದ, ಬಾಗಿಲಾಚೆ ಇಣುಕಿದ, ದನಿ ಇಳಿಸಿದ.

"ಅರವತ್ತು ದಿನ ಇವತ್ತಿಂದ ಮತ್ತೆ ಶುರು ಅಮ್ಮ. ಇಪ್ಪತ್ತಾದ್ರೂ ಅಷ್ಟೇ, ಎರಡಾದ್ರೂ ಅಷ್ಟೇ."

"ಗೊತ್ತು" ಎಂದಳು. ಗೊತ್ತಿಲ್ಲದೆ ಏನು? ಒಂದು ಕಾಸು ಕಮ್ಮಿ ಇದ್ದವರನ್ನೂ, "ಕಮ್ಮಿ ಅಂದ್ರೆ ಕಮ್ಮಿನೇ, ಮುಂದಿನೋರು ಬನ್ನಿ" ಎಂದು ಅವಳೇ ಎಷ್ಟು ಸಾವಿರ ಸಲ ವಾಪಸು ಕಳಿಸಿಲ್ಲ!

ಅವನು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. "ಒಂದು ದಾರಿ ಇದೆ. ಎರಡು ಪ್ರತಿ ತೆಗೆದು, ಆ ಸಾಲು ಕತ್ತರಿಸಿ, ಮೇಲಿಂದು ಕೆಳಗಿಂದು ಕೂಡಿಸಿ, ಮತ್ತೆ ಒಂದು ಪ್ರತಿ ತೆಗೆದ್ರೆ ಯಾರಿಗೂ ಕಾಣಲ್ಲ. ಮೂಲ ಪುಸ್ತಕ ಕೇಳೋದು ನೂರಕ್ಕೆ ಒಬ್ಬರನ್ನ. ನಾನು ಮಾಡಿ ಅಂತ ಹೇಳ್ತಿಲ್ಲ, ದಾರಿ ಇದೆ ಅಂತ ಹೇಳ್ತಿದ್ದೀನಿ."

ಕ್ಯಾಷಿಯರಮ್ಮ ಹೊರಗೆ ನೋಡಿದಳು. ಪುಟ್ಟಿ ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು, ಪಕ್ಕದಲ್ಲಿ ಕೂತ ಯಾರೋ ಅಪರಿಚಿತರಿಗೆ ಏನೋ ಹೇಳುತ್ತಾ ನಗುತ್ತಿದ್ದಳು. ಇಡೀ ನೌಕರಿಯಲ್ಲಿ ಒಂದು ಸುಳ್ಳು ಸಹಿ ಹಾಕದವಳು, ಹಾಕಿಸಿಕೊಳ್ಳಲು ಬಂದ ಮ್ಯಾನೇಜರನ್ನೇ ಬೆವರಿಳಿಸಿ ಕಳಿಸಿದವಳು, "ಕತ್ತರಿಸಿ" ಎಂದಳು. ಒಂದು ಉಸಿರಿನಷ್ಟೂ ತಡಮಾಡಲಿಲ್ಲ. ಅದೇ ಅವಳಿಗೆ ಆಶ್ಚರ್ಯವಾಯಿತು.

ಅವನ ಕೈ ಪಳಗಿತ್ತು. ಗೆರೆಗೆ ಗೆರೆ ಕೂಡಿಸಿ ಐದು ನಿಮಿಷದಲ್ಲಿ ಬಿಸಿ ಹಾಳೆ ಕೈಗಿಟ್ಟ. ಅವಳು ಅದನ್ನು ನೋಡಿದಳು, ಸಾಲು ಇಲ್ಲದ್ದನ್ನು ನೋಡಿದಳು, ಮಡಿಸದೆ ಕಡತಕ್ಕೆ ಸೇರಿಸಿದಳು. ಅಂಕಿಯ ಕಡೆ ಕಣ್ಣು ಹಾಯಿಸಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವಳಿಗೆ ಲೆಕ್ಕ ನೋಡುವುದು ಬೇಡವಾಗಿತ್ತು.

ಕಚೇರಿಯ ಒಳಗೆ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ಅವರ ನಂಬರು ಬರುವ ಹೊತ್ತಿಗೆ ಕ್ಯಾಷಿಯರಮ್ಮ ಮೂರು ಸಲ ಎದ್ದು ನೀರು ಕುಡಿದು ಬಂದಿದ್ದಳು. "ಏನೇ ಅಕ್ಕ, ಪರೀಕ್ಷೆಗೆ ಕೂತೋರ ಹಾಗೆ ಆಡ್ತೀಯ" ಎಂದು ಪುಟ್ಟಿ ಅವಳ ಮೊಣಕೈ ಹಿಡಿದು ಕೂರಿಸಿದಳು. ಆ ಕೈ ಬೆಚ್ಚಗಿತ್ತು.

ಗಾಜಿನ ಆಚೆ ಇದ್ದವಳೂ ವಯಸ್ಸಾದ ಹೆಂಗಸೇ. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಫೋಟೋ, ಪಾಸ್‌ಪೋರ್ಟು, ವಿಳಾಸದ ಪುರಾವೆ, ಒಂದೊಂದನ್ನೇ ತಿರುವಿ ಟಿಕ್ ಹಾಕುತ್ತಾ ಬಂದಳು. ಪುಟ್ಟಿ ಸುಮ್ಮನಿರಲಾರದೆ ಅವಳಿಗೆ ಏನೋ ಹೇಳಿದಳು, ಆಮೇಲೆ ಅಕ್ಕನ ಕಡೆ ವಾಲಿ ಪಿಸುಗುಟ್ಟಿದಳು. "ನಮ್ಮಕ್ಕ ಮೂವತ್ನಾಲ್ಕು ವರ್ಷ ಕ್ಯಾಷಿಯರ್ ಆಗಿದ್ದೋಳು, ಒಂದು ಕಾಸೂ ಹೆಚ್ಚುಕಮ್ಮಿ ಆಗಿಲ್ಲ ಅಂದೆ."

"ಯಾಕೆ ಬೇಕಿತ್ತು ಈಗ ಅದು?" ಎಂದು ಇವಳು ಗದರಿದಳು. ಬೆನ್ನು ಒದ್ದೆಯಾಗಿತ್ತು.

ಆಚೆಯವಳು ಪಾಸ್‌ಬುಕ್ಕಿನ ಪ್ರತಿಗೆ ಬಂದಳು. ಪೆನ್ಸಿಲು ತೆಗೆದಳು. ಅದರ ಮೊನೆಯನ್ನು ಕಾಗದಕ್ಕೆ ತಾಕಿಸದೆ, ಅಂಕಿಗಳ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಸುತ್ತಾ, ತುಟಿ ಮಾತ್ರ ಆಡಿಸುತ್ತಾ ಬಂದಳು. ಕ್ಯಾಷಿಯರಮ್ಮನಿಗೆ ಆ ಪೆನ್ಸಿಲಿನ ಗುರುತು ಸಿಕ್ಕಿತು. ಹಾಗೆ ಇಳಿಸುವವರು ಸಾಲು ಓದುವುದಿಲ್ಲ, ಕೂಡುತ್ತಾರೆ. ಅವಳೂ ಹಾಗೆಯೇ ಇಳಿಸುತ್ತಿದ್ದಳು. ಆಗಲೇ, ಆ ಗಾಜಿನ ಮುಂದೆ ಕೂತು, ಅವಳ ತಲೆ ತಾನಾಗಿ ಲೆಕ್ಕ ಹಾಕಿತು. ಎಂಟು ಲಕ್ಷಕ್ಕೆ ನೂರು ಸೇರಿದರೆ ಎಂಟು ಲಕ್ಷದ ನೂರು. ಅಯ್ಯಯ್ಯೋ.

ಪೆನ್ಸಿಲು ಕೊನೆಯ ಸಾಲಿನ ಹತ್ತಿರ ನಿಂತಿತು. ಹೆಂಗಸು ತಲೆಯೆತ್ತಿ ಪುಟ್ಟಿಗೆ ಏನೋ ಕೇಳಿದಳು.

"ಅಕ್ಕ," ಎಂದಳು ಪುಟ್ಟಿ ಇನ್ನೂ ನಗುಮುಖದಲ್ಲೇ. "ಇಲ್ಲಿ ಕೊನೇಲಿ ಎಂಟು ಲಕ್ಷದ ಎಂಬತ್ತು ಅಂತಿದೆಯಂತೆ. ನೂರು ಇರ್ಬೇಕಲ್ಲ, ಇಪ್ಪತ್ತು ಎಲ್ಲಿ ಹೋಯ್ತು ಅಂತ ಕೇಳ್ತಿದ್ದಾರೆ. ಮೂಲ ಪುಸ್ತಕ ಕೊಡು ಅಂತಿದ್ದಾರೆ."

ಪುಸ್ತಕ ಚೀಲದಲ್ಲಿತ್ತು. ಕ್ಯಾಷಿಯರಮ್ಮ ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಏನು ಉತ್ತರ ಕೊಡಬೇಕಾದರೂ ಅದು ಪುಟ್ಟಿಯ ಬಾಯಿಂದಲೇ ಹೋಗಬೇಕು. ಸುಳ್ಳು ಹೇಳಿದರೆ ಪುಟ್ಟಿಯ ಬಾಯಲ್ಲಿ ಹೇಳಿಸಬೇಕು. ಅಷ್ಟು ಮಾತ್ರ ಅವಳಿಂದಾಗಲಿಲ್ಲ.

"ಪುಟ್ಟಿ, ಆ ಹಾಳೆ ಸುಳ್ಳು. ಒಂದು ಸಾಲು ಕತ್ತರಿಸಿ ತೆಗೆಸಿದ್ದೀನಿ. ಇಪ್ಪತ್ತು ಕಮ್ಮಿ ಬಿತ್ತು, ಕಾರ್ಡಿನ ಶುಲ್ಕ. ಅದಕ್ಕಿಂತ ಮುಂಚೆ ಮೇಲಿದ್ದ ಚಿಲ್ಲರೆ ನಾನೇ ತೆಗೆದಿದ್ದೆ, ಸಂಖ್ಯೆ ಗುಂಡಾಗಿರ್ಲಿ ಅಂತ. ತಪ್ಪು ನಂದು. ಬ್ಯಾಂಕಿಂದಲ್ಲ, ಯಾರದ್ದೂ ಅಲ್ಲ, ನಂದೇ."

ಪುಟ್ಟಿಯ ನಗು ಹೋಯಿತು. ಕತ್ತು ಓರೆ ಮಾಡಿ ಅಕ್ಕನ ಕಿವಿಯ ಪಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಗಾಜಿನ ಕಡೆ ತಿರುಗಿ, ನಿಧಾನವಾಗಿ, ದನಿ ಏರಿಸದೆ ಮಾತಾಡತೊಡಗಿದಳು. ಇವಳು ಹೇಳಿದ್ದಕ್ಕಿಂತ ಉದ್ದವಾಗಿಯೇ ಮಾತಾಡಿದಳು. ಆಚೆಯವಳು ಮಧ್ಯದಲ್ಲಿ ಒಮ್ಮೆ ಮೂಗೊರೆಸಿಕೊಂಡಳು, ಅಷ್ಟೇ. ಕೊನೆಗೆ ಆ ಹಾಳೆಯನ್ನು ಎರಡಾಗಿ ಮಡಿಸಿ, ಉಳಿದ ಕಾಗದಗಳ ಜೊತೆ ಗಾಜಿನ ಕೆಳಗಿನಿಂದ ಈಚೆ ತಳ್ಳಿ, ಎರಡು ಮಾತು ಹೇಳಿ ಮುಂದಿನ ನಂಬರಿನ ಗುಂಡಿ ಒತ್ತಿದಳು.

ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

"ಏನಂದ್ಲು?"

"ಈ ಹಾಳೆ ನಾನು ನೋಡಿಲ್ಲ ಅಂದ್ರು. ನೋಡಿದ್ದೀನಿ ಅಂತ ಬರೆದ್ರೆ ಹತ್ತು ವರ್ಷ ನಿನ್ನನ್ನ ಒಳಗೆ ಬಿಡಲ್ವಂತೆ. ಹೋಗಿ ಆರು ತಿಂಗಳು ಬಿಟ್ಟು ಬನ್ನಿ, ದುಡ್ಡು ಅಲ್ಲೇ ಇರ್ಲಿ, ಬಂದ ದಿನಾನೇ ಅರ್ಜಿ ತಗೋತೀನಿ ಅಂದ್ರು."

"ನೀನೇನು ಹೇಳ್ದೆ ಅಷ್ಟು ಹೊತ್ತು?"

"ನೀನು ಹೇಳಿದ್ದೇ ಹೇಳ್ದೆ. ಸ್ವಲ್ಪ ಸೇರಿಸ್ದೆ." ಪುಟ್ಟಿ ಸ್ವೆಟರಿನ ತೋಳನ್ನು ಎಳೆದುಕೊಂಡಳು. "ನನ್ನ ಕಣ್ಣಿನ ವಿಷಯ ಹೇಳ್ದೆ. ನಮ್ಮಕ್ಕ ಸುಳ್ಳು ಹೇಳಿದ್ದು ಇದೇ ಮೊದಲು, ಅದೂ ನನಗೋಸ್ಕರ ಅಂದೆ."

ಕ್ಯಾಷಿಯರಮ್ಮ ಸುಮ್ಮನಿದ್ದುಬಿಡಬಹುದಿತ್ತು, ಯಾರೂ ಕೇಳಿರಲಿಲ್ಲ.

"ಮೊದಲಲ್ಲ ಪುಟ್ಟಿ. ನಿನ್ನ ಗಂಡ ಹೋದಾಗ ರಜೆ ಸಿಗಲಿಲ್ಲ ಅಂದೆನಲ್ಲ. ನಾನು ರಜೆ ಕೇಳೇ ಇರ್ಲಿಲ್ಲ."

"ಗೊತ್ತು."

"ಗೊತ್ತಾ?"

"ನೀನು ಮನೇಲಿ ಫೋನ್ ಎತ್ತದಾಗ ಬ್ಯಾಂಕಿಗೆ ಮಾಡಿದ್ದೆ. ನಿಮ್ಮ ಮ್ಯಾನೇಜರು, ಅಯ್ಯೋ, ನಮಗೆ ಹೇಳೇ ಇಲ್ವಲ್ಲಮ್ಮ, ಹೇಳಿದ್ರೆ ಇವತ್ತೇ ಕಳಿಸ್ತಿದ್ವಿ ಅಂದ್ರು."

ಕಚೇರಿಯ ಬಾಗಿಲಿಂದ ಜನ ಬರುತ್ತಲೇ ಇದ್ದರು, ಇವರನ್ನು ಬಳಸಿಕೊಂಡು ಇಳಿಯುತ್ತಿದ್ದರು. ಕ್ಯಾಷಿಯರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಹದಿನಾಲ್ಕು ವರ್ಷ ಗೊತ್ತಿದ್ದೂ ಹೇಗಿದ್ದೀಯ ಅಕ್ಕ ಎಂದು ಕೇಳುತ್ತಾ ಬಂದಿದ್ದಾಳಲ್ಲ ಇವಳು! "ತಪ್ಪಾಯ್ತು ಕಣೆ" ಎಂದಳು. "ಅವತ್ತಿಂದೂ ತಪ್ಪು, ಇವತ್ತಿಂದೂ ತಪ್ಪು." ಪುಟ್ಟಿ ಅವಳ ಬೆನ್ನಿನ ಮೇಲೆ ಕೈ ಇಟ್ಟು ಕೂತಿದ್ದಳು, ಅಳು ತಾನಾಗಿ ನಿಲ್ಲುವ ತನಕ.

ಮಗನಿಗೆ ಫೋನ್ ಮಾಡಿ ಹೇಳಿದವಳು ಪುಟ್ಟಿಯೇ. ಅವನು ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು.

"ಸೀಟು ತಗೊಂಡುಬಿಡ್ತೀನಿ ದೊಡ್ಡಮ್ಮ. ಆರು ತಿಂಗಳು ಅವಳನ್ನ ಒಬ್ಬಳೇ ಬಿಡೋಕಾಗಲ್ಲ."

"ಬೇಡ ಅನ್ನೋ ಮುಖ ನನಗಿಲ್ಲಪ್ಪ. ಆದ್ರೆ ಮನೆಗೆ ಬೀಗ ಹಾಕಿಡು, ಬಾಡಿಗೆಗೆ ಕೊಡ್ಬೇಡ. ನಾನು ಬರ್ತೀನಿ."

ಅವನು ತಲೆ ತಗ್ಗಿಸಿದ. "ನೀವು ಬರ್ದೇ ಇರೋದು ನಮಗೆ ಹೊಸದೇನಲ್ಲ ದೊಡ್ಡಮ್ಮ" ಎಂದ. ಚುಚ್ಚಿ ಆಡಿದ ಮಾತಲ್ಲ ಅದು. ಅಪ್ಪನ ಹೆಣದ ಮುಂದೆ ಪುಟ್ಟಿ ಬಾಗಿಲ ಕಡೆಗೇ ನೋಡುತ್ತಿದ್ದುದನ್ನು ಅವನು ಕಂಡಿದ್ದ.

ಪರವಾನಗಿ ಮುಗಿಯಲು ಮೂರು ದಿನವಿರುವಾಗ ಮೂವರೂ ಆ ವಯಸ್ಸಾದವರ ಮನೆಗೆ ಹೋದರು. ಹಿಂದಿನ ಎರಡು ವಾರ ಕ್ಯಾಷಿಯರಮ್ಮ ಸುಮ್ಮನೆ ಕೂತಿರಲಿಲ್ಲ. ಹೋಗಿ ಬರುವುದಕ್ಕೇ ಎಂಟು ಗಂಟೆ ಹಿಡಿದರೂ, ದಿನ ಬಿಟ್ಟು ದಿನ ಪುಟ್ಟಿಯನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿ, ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಊಟದ ಮನೆಗೆ, ಊಟದ ಮನೆಯಿಂದ ಹೊರಗಿನ ಬೆಂಚಿಗೆ ಕೈ ಹಿಡಿದು ನಡೆಸಿದ್ದಳು. ಪುಟ್ಟಿ ಗೋಡೆ ಸವರುತ್ತಾ, ಬಾಗಿಲು ಮುಟ್ಟುತ್ತಾ, ಬಾಯಿಪಾಠ ಮಾಡಿಕೊಳ್ಳುವ ಮಕ್ಕಳ ಹಾಗೆ ತನ್ನಷ್ಟಕ್ಕೇ ಹೇಳಿಕೊಂಡಿದ್ದಳು. ತನಗೆ ಆರು ತಿಂಗಳು ಉಳಿದುಕೊಳ್ಳಲು ಊರಿನಲ್ಲಿ ಕ್ಯಾಷಿಯರಮ್ಮ ಫೋನಿನಲ್ಲೇ ಒಂದು ಹಾಸ್ಟೆಲಿನ ಮಂಚ ಗೊತ್ತುಮಾಡಿಕೊಂಡಿದ್ದಳು.

ಅಲ್ಲಿನ ಮೇಲ್ವಿಚಾರಕಿ ಸೇರ್ಪಡೆಯ ಅರ್ಜಿ ತಂದಳು. ಮಗ ಓದಿ ಹೇಳುತ್ತಾ ಹೋದ, ಕ್ಯಾಷಿಯರಮ್ಮ ಅವನು ತೋರಿಸಿದ ಕಡೆ ಬರೆಯುತ್ತಾ ಹೋದಳು. ಕಾಯಿಲೆ, ಮಾತ್ರೆ, ತುರ್ತಿಗೆ ಯಾರ ಫೋನು. ಕೊನೆಯ ಪುಟದ ಕೆಳಗೆ ಒಂದು ಸಾಲಿತ್ತು. ಅದರ ಹತ್ತಿರ ಬಂದಾಗ ಮೇಲ್ವಿಚಾರಕಿ ಕೈಯಾಡಿಸಿ ಏನೋ ಹೇಳಿದಳು.

"ಅದು ಬೇಡ ಅಂತಿದ್ದಾರೆ," ಎಂದ ಮಗ. "ವಾಪಸು ಕರ್ಕೊಂಡು ಹೋಗೋರ ಹೆಸರು, ತಾರೀಖು. ಅದನ್ನ ಯಾರೂ ತುಂಬಲ್ವಂತೆ."

ಕ್ಯಾಷಿಯರಮ್ಮ ಪೆನ್ನು ಕೆಳಗಿಡಲಿಲ್ಲ. ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆದಳು. ಆಮೇಲೆ ಗೋಡೆಯ ಕ್ಯಾಲೆಂಡರು ನೋಡುತ್ತಾ, ಬೆರಳು ಮಡಿಸುತ್ತಾ, ಒಂದಲ್ಲ ಎರಡು ಸಲ ಎಣಿಸಿದಳು. ತಪ್ಪಿಲ್ಲ ಎಂದು ಖಾತ್ರಿಯಾದ ಮೇಲೆ ತಾರೀಖು ಹಾಕಿದಳು. ಮಗ ಅದನ್ನು ನೋಡಿದ, ಪೆಟ್ಟಿಗೆ ಎತ್ತಿಕೊಂಡು ಕೋಣೆಯ ಕಡೆ ಹೋದ.

"ಏನು ಬರೆದೆ?" ಎಂದಳು ಪುಟ್ಟಿ.

"ಬರೋ ತಾರೀಖು."

"ಓದು."

"ಬರೋ ವರ್ಷ, ಎರಡನೇ ತಿಂಗಳು, ಹನ್ನೊಂದು."

ಪುಟ್ಟಿ ಕೈ ಚಾಚಿ ಕಾಗದವನ್ನು ಹುಡುಕಿದಳು. ಕ್ಯಾಷಿಯರಮ್ಮ ಅವಳ ಬೆರಳನ್ನು ಹಿಡಿದು, ಶಾಯಿ ಇನ್ನೂ ಒಣಗಿರದ ಆ ಸಾಲಿನ ಪಕ್ಕಕ್ಕೆ ಇಟ್ಟಳು. ಪುಟ್ಟಿ ಅದನ್ನು ಅಲ್ಲಿಂದ ತೆಗೆಯದೆ, ಓರೆಯಾಗಿ, ಅಕ್ಕನ ಮುಖವನ್ನು ಕಂಡಷ್ಟು ಕಂಡಳು.

"ಒಂದು ದಿನಾನೂ ಕಮ್ಮಿ ಆಗ್ಬಾರ್ದು ಅನ್ನೋದು ಅವರ ನಿಯಮ," ಎಂದಳು. "ಒಂದು ದಿನಾನೂ ಜಾಸ್ತಿ ಆಗ್ಬಾರ್ದು ಅನ್ನೋದು ನಂದು, ಅಕ್ಕ."